ಬೀಚ್ ಸಾಕರ್ 2013: ಹುಲ್ಲಿನಲ್ಲಿ ಸೋತ ತಹಿತಿ ಮರಳಿನಲ್ಲಿ ತಲೆಯೆತ್ತಿದ ಬಗೆ

ಬೀಚ್ ಸಾಕರ್ ಎಂದರೆ ಮರಳಿನ ಅಂಕಣದಲ್ಲಿ ಬರಿಗಾಲಿನಲ್ಲಿ ಆಡುವ ಫುಟ್‌ಬಾಲ್. ರಾಷ್ಟ್ರೀಯ ತಂಡಗಳ ನಡುವಿನ ಈ ಕ್ರೀಡೆಯ ಇತಿಹಾಸದಲ್ಲಿ 2013ರ ಋತುವಿಗೆ ವಿಶೇಷ ಸ್ಥಾನವಿದೆ. ಆ ವರ್ಷ ರಷ್ಯಾ ಸತತ ಎರಡನೇ ಬಾರಿಗೆ ವಿಶ್ವಕಪ್ ಗೆದ್ದಿತು. ಪೋರ್ಚುಗಲ್, ಇಟಲಿ, ಫ್ರಾನ್ಸ್‌ಗಳಂತಹ ಹೆಸರಾಂತ ತಂಡಗಳು ವಿಶ್ವಕಪ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. ಆದರೆ ಜನರ ನೆನಪಿನಲ್ಲಿ ಉಳಿದದ್ದು ನಾಲ್ಕನೇ ಸ್ಥಾನ ಪಡೆದ ತಂಡ: ಪೆಸಿಫಿಕ್ ಮಹಾಸಾಗರದ ಪುಟ್ಟ ದ್ವೀಪ ತಹಿತಿ.

ಜೂನ್‌ನ ಸೋಲು

ತಹಿತಿಯು ಫ್ರೆಂಚ್ ಪಾಲಿನೇಷ್ಯಾದ ಅತಿ ದೊಡ್ಡ ದ್ವೀಪ. ಇಡೀ ದ್ವೀಪಸಮೂಹದ ಜನಸಂಖ್ಯೆ ಮೂರು ಲಕ್ಷವನ್ನೂ ಮುಟ್ಟುವುದಿಲ್ಲ. ಫ್ರಾನ್ಸ್‌ನ ಆಡಳಿತಕ್ಕೆ ಒಳಪಟ್ಟಿದ್ದರೂ ಫುಟ್‌ಬಾಲ್‌ನಲ್ಲಿ ಈ ಪ್ರದೇಶ ‘ತಹಿತಿ’ ಎಂಬ ಹೆಸರಿನಿಂದ ಪ್ರತ್ಯೇಕವಾಗಿ ಸ್ಪರ್ಧಿಸುತ್ತದೆ. 2012ರ ಓಷಿಯಾನಿಯಾ ನೇಷನ್ಸ್ ಕಪ್ ಗೆದ್ದ ತಹಿತಿ, ಮರುವರ್ಷ ಬ್ರೆಜಿಲ್‌ನಲ್ಲಿ ನಡೆದ ಕಾನ್ಫೆಡರೇಷನ್ಸ್ ಕಪ್‌ಗೆ ಅರ್ಹತೆ ಪಡೆಯಿತು.

ಅಲ್ಲಿ ಕಾದಿದ್ದುದು ಕಠಿಣ ಪರೀಕ್ಷೆ. 2013ರ ಜೂನ್ 17ರಂದು ಬೆಲೊ ಹೊರಿಜಾಂಟೆಯಲ್ಲಿ ನೈಜೀರಿಯಾ ವಿರುದ್ಧ 1–6, ಜೂನ್ 20ರಂದು ರಿಯೊ ಡಿ ಜನೈರೊದ ಮಾರಕಾನಾ ಕ್ರೀಡಾಂಗಣದಲ್ಲಿ ಸ್ಪೇನ್ ವಿರುದ್ಧ 0–10, ಜೂನ್ 23ರಂದು ರೆಸಿಫೆಯಲ್ಲಿ ಉರುಗ್ವೆ ವಿರುದ್ಧ 0–8. ಮೂರು ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲುಗಳು 24, ಗಳಿಸಿದ್ದು ಒಂದೇ ಒಂದು. ಆ ಗೋಲನ್ನು ಜೊನಾಥನ್ ತೆಹಾವು ಗಳಿಸಿದಾಗ ಬ್ರೆಜಿಲ್‌ನ ಪ್ರೇಕ್ಷಕರು ಎದ್ದು ನಿಂತು ಸಂಭ್ರಮಿಸಿದರು. ಆದರೆ ಅದು ಸಹಾನುಭೂತಿಯ ಚಪ್ಪಾಳೆಯೆಂಬುದು ಎಲ್ಲರಿಗೂ ತಿಳಿದಿತ್ತು. ಮೂರು ತಿಂಗಳ ನಂತರ ಇದೇ ತಹಿತಿಯ ಮತ್ತೊಂದು ತಂಡಕ್ಕೆ ಯಾರ ಸಹಾನುಭೂತಿಯೂ ಬೇಕಾಗಲಿಲ್ಲ.

ಆಟದ ಸ್ವರೂಪ

ಬೀಚ್ ಸಾಕರ್‌ನ ನಿಯಮಗಳು ರೂಪುಗೊಂಡದ್ದು 1992ರಲ್ಲಿ. ಪ್ರತಿ ತಂಡದಲ್ಲಿ ಗೋಲ್‌ಕೀಪರ್ ಸೇರಿ ಐವರು ಆಟಗಾರರು. ತಲಾ 12 ನಿಮಿಷಗಳ ಮೂರು ಅವಧಿಗಳು. ಆಟಗಾರರ ಬದಲಾವಣೆಗೆ ಮಿತಿಯಿಲ್ಲ. ಆಫ್‌ಸೈಡ್ ನಿಯಮವೂ ಇಲ್ಲ. ಅಂಕಣದ ಉದ್ದ 35ರಿಂದ 37 ಮೀಟರ್, ಅಗಲ 26ರಿಂದ 28 ಮೀಟರ್. ಮರಳಿನ ಆಳ ಕನಿಷ್ಠ 40 ಸೆಂಟಿಮೀಟರ್ ಇರಬೇಕು. 2013ರಲ್ಲಿ ಜಾರಿಯಲ್ಲಿದ್ದ ನಿಯಮದಂತೆ ಫ್ರೀ ಕಿಕ್‌ಗೆ ಎದುರಾಳಿಗಳು ಗೋಡೆ ಕಟ್ಟುವಂತಿರಲಿಲ್ಲ. ಫೌಲ್‌ಗೆ ಒಳಗಾದ ಆಟಗಾರನೇ ಚೆಂಡನ್ನು ಒದೆಯಬೇಕಿತ್ತು.

ಮರಳಿನ ಏರುತಗ್ಗಿನಿಂದಾಗಿ ಚೆಂಡನ್ನು ನೆಲದ ಮೇಲೆ ಉರುಳಿಸಿ ಆಡುವುದು ಕಷ್ಟ. ಆದ್ದರಿಂದ ಚೆಂಡು ಹೆಚ್ಚಾಗಿ ಗಾಳಿಯಲ್ಲೇ ಇರುತ್ತದೆ. ತಲೆಕೆಳಗಾಗಿ ಹಾರಿ ಒದೆಯುವ ಬೈಸಿಕಲ್ ಕಿಕ್ ಹುಲ್ಲಿನ ಮೈದಾನದಲ್ಲಿ ಅಪರೂಪದ ದೃಶ್ಯವಾದರೆ ಇಲ್ಲಿ ಸಾಮಾನ್ಯ ಅಸ್ತ್ರ. ಅಂಕಣ ಚಿಕ್ಕದಾದ ಕಾರಣ ಎಲ್ಲಿಂದಲಾದರೂ ಗೋಲಿಗೆ ಗುರಿಯಿಡಬಹುದು. ಗೋಲುಗಳ ಸುರಿಮಳೆಗೆ ಇದೇ ಕಾರಣ.

ಡ್ರಾ ಎಂಬುದು ಈ ಆಟದಲ್ಲಿಲ್ಲ. ಸಮಬಲವಾದರೆ ಮೂರು ನಿಮಿಷಗಳ ಹೆಚ್ಚುವರಿ ಅವಧಿ, ಆಗಲೂ ತೀರ್ಮಾನವಾಗದಿದ್ದರೆ ಪೆನಾಲ್ಟಿ. ನಿಗದಿತ ಅವಧಿಯ ಗೆಲುವಿಗೆ 3 ಅಂಕ, ಹೆಚ್ಚುವರಿ ಅವಧಿಯ ಗೆಲುವಿಗೆ 2 ಅಂಕ, ಪೆನಾಲ್ಟಿಯಲ್ಲಿ ಗೆದ್ದರೆ 1 ಅಂಕ. ಸೋತವರಿಗೆ ಏನೂ ಇಲ್ಲ. ಹೀಗಾಗಿ ದುರ್ಬಲ ತಂಡವೊಂದು ರಕ್ಷಣೆಗೆ ನಿಂತು ಡ್ರಾ ಸಾಧಿಸಿ ಅಂಕ ಗಿಟ್ಟಿಸುವ ದಾರಿ ಇಲ್ಲಿ ಮುಚ್ಚಿದೆ. ಮೇಲೇರಬೇಕಾದರೆ ಗೆಲ್ಲಲೇಬೇಕು.

ವಿಶ್ವಕಪ್‌ನ ಹಿನ್ನೆಲೆ

ಮೊದಲ ವಿಶ್ವ ಚಾಂಪಿಯನ್‌ಷಿಪ್ 1995ರಲ್ಲಿ ರಿಯೊ ಡಿ ಜನೈರೊದ ಕೊಪಕಬಾನಾ ತೀರದಲ್ಲಿ ನಡೆಯಿತು. 2004ರವರೆಗಿನ ಹತ್ತು ಟೂರ್ನಿಗಳಲ್ಲಿ ಒಂಬತ್ತನ್ನು ಬ್ರೆಜಿಲ್ ಗೆದ್ದುಕೊಂಡಿತು. 2001ರ ಪ್ರಶಸ್ತಿ ಮಾತ್ರ ಪೋರ್ಚುಗಲ್‌ನ ಪಾಲಾಯಿತು. 2005ರಲ್ಲಿ ಫಿಫಾ ಟೂರ್ನಿಯ ಹೊಣೆ ಹೊತ್ತುಕೊಂಡಿತು. ಆ ವರ್ಷ ಎರಿಕ್ ಕ್ಯಾಂಟೊನಾ ತರಬೇತಿ ನೀಡಿದ ಫ್ರಾನ್ಸ್, ಫೈನಲ್‌ನಲ್ಲಿ ಪೋರ್ಚುಗಲ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿತು. 2006ರಿಂದ 2009ರವರೆಗೆ ಸತತ ನಾಲ್ಕು ಬಾರಿ ಬ್ರೆಜಿಲ್ ಗೆದ್ದಿತು. ಆ ಬಳಿಕ ವಿಶ್ವಕಪ್ ಎರಡು ವರ್ಷಗಳಿಗೊಮ್ಮೆ ನಡೆಯತೊಡಗಿತು. 2011ರಲ್ಲಿ ಇಟಲಿಯ ರವೆನ್ನಾದಲ್ಲಿ ರಷ್ಯಾ 12–8ರಿಂದ ಬ್ರೆಜಿಲ್ ತಂಡವನ್ನು ಸೋಲಿಸಿ ಮೊದಲ ಬಾರಿಗೆ ಚಾಂಪಿಯನ್ ಆಯಿತು. ತಹಿತಿ ವಿಶ್ವಕಪ್‌ಗೆ ಪದಾರ್ಪಣೆ ಮಾಡಿದ್ದೂ ಅದೇ ರವೆನ್ನಾದಲ್ಲಿ.

ಅರ್ಹತೆಯ ಹಾದಿ

2013ರ ಟೂರ್ನಿಗೆ ಆತಿಥೇಯ ತಹಿತಿ ನೇರ ಪ್ರವೇಶ ಪಡೆಯಿತು. ಯೂರೋಪ್‌ಗೆ ನಾಲ್ಕೇ ಸ್ಥಾನಗಳಿದ್ದವು. 2012ರಲ್ಲಿ ಮಾಸ್ಕೊದಲ್ಲಿ ನಡೆದ ಅರ್ಹತಾ ಪಂದ್ಯಗಳಿಂದ ಸ್ಪೇನ್, ರಷ್ಯಾ, ಉಕ್ರೇನ್ ಹಾಗೂ ನೆದರ್‌ಲೆಂಡ್ಸ್ ಆಯ್ಕೆಯಾದವು. ದಕ್ಷಿಣ ಅಮೆರಿಕದಿಂದ ಚಾಂಪಿಯನ್ ಅರ್ಜೆಂಟೀನಾ, ಬ್ರೆಜಿಲ್ ಮತ್ತು ಪರಾಗ್ವೆ. ಏಷ್ಯಾದಿಂದ ಇರಾನ್, ಜಪಾನ್ ಮತ್ತು ಯುಎಇ. ಆಫ್ರಿಕಾದಿಂದ ಸೆನೆಗಲ್ ಮತ್ತು ಐವರಿ ಕೋಸ್ಟ್. ಉತ್ತರ ಮತ್ತು ಮಧ್ಯ ಅಮೆರಿಕದಿಂದ ಅಮೆರಿಕ ಮತ್ತು ಎಲ್ ಸಾಲ್ವಡಾರ್. ಓಷಿಯಾನಿಯಾದಿಂದ ಸಾಲೊಮನ್ ದ್ವೀಪಗಳು ಅರ್ಹತೆ ಗಳಿಸಿದವು. ಹೀಗೆ ಒಟ್ಟು 16 ತಂಡಗಳು, ನಾಲ್ಕು ಗುಂಪುಗಳು, 32 ಪಂದ್ಯಗಳು.

ಪಪೀಟೆಯ ಹನ್ನೊಂದು ದಿನಗಳು

ಸೆಪ್ಟೆಂಬರ್ 18ರಿಂದ 28ರವರೆಗೆ ರಾಜಧಾನಿ ಪಪೀಟೆಯ ತೊಆತಾ ಕ್ರೀಡಾಂಗಣದಲ್ಲಿ ಪಂದ್ಯಗಳು ನಡೆದವು. ಪೆಸಿಫಿಕ್ ದ್ವೀಪಗಳಲ್ಲಿ ಫಿಫಾದ ವಿಶ್ವಮಟ್ಟದ ಟೂರ್ನಿಯೊಂದು ನಡೆದದ್ದು ಅದೇ ಮೊದಲು. ‘ಟಿಕಿ ತೊಆ’ ಎಂದೇ ಕರೆಯಲಾಗುವ ತಹಿತಿ ಬೀಚ್ ಸಾಕರ್ ತಂಡಕ್ಕೆ ನಾಯಾ ಬೆನೆಟ್ ನಾಯಕ. ತರಬೇತುದಾರರು ಏಂಜೆಲೊ ಶಿರಿಂಜಿ. 2009ರ ದುಬೈ ವಿಶ್ವಕಪ್‌ನಲ್ಲಿ ಸ್ವಿಟ್ಜರ್ಲೆಂಡ್ ತಂಡವನ್ನು ಫೈನಲ್‌ಗೆ ಕೊಂಡೊಯ್ದ ಅನುಭವ ಅವರಿಗಿತ್ತು.

ಅಮೆರಿಕ, ಯುಎಇ ಮತ್ತು ಸ್ಪೇನ್ ಇದ್ದ ಗುಂಪಿನಿಂದ ತಹಿತಿ ಎಂಟರ ಘಟ್ಟಕ್ಕೆ ಏರಿತು. ಕ್ವಾರ್ಟರ್ ಫೈನಲ್‌ನಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಅರ್ಜೆಂಟೀನಾವನ್ನು ಎದುರಿಸಿ 6–1ರಿಂದ ಗೆದ್ದಿತು. ಜೂನ್‌ನಲ್ಲಿ ನೈಜೀರಿಯಾ ಎದುರು ತಹಿತಿ ಸೋತಿದ್ದು ಇದೇ ಅಂತರದಿಂದ ಎಂಬುದು ಗಮನಾರ್ಹ.

ಸೆಮಿಫೈನಲ್‌ನಲ್ಲಿ ಎದುರಾದದ್ದು ಹಾಲಿ ಚಾಂಪಿಯನ್ ರಷ್ಯಾ. ತಹಿತಿ 3–5ರಿಂದ ಸೋತಿತು. ಮತ್ತೊಂದು ಸೆಮಿಫೈನಲ್‌ನಲ್ಲಿ ಸ್ಪೇನ್ ಪೆನಾಲ್ಟಿಯಲ್ಲಿ ಬ್ರೆಜಿಲ್‌ಗೆ ಆಘಾತ ನೀಡಿತು. ಮೂರನೇ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲಿ ಬ್ರೆಜಿಲ್ ಮತ್ತು ತಹಿತಿ 7–7ರ ಸಮಬಲ ಸಾಧಿಸಿದವು. ಪೆನಾಲ್ಟಿಯಲ್ಲಿ ಅದೃಷ್ಟ ಬ್ರೆಜಿಲ್‌ನತ್ತ ವಾಲಿತು. ಫೈನಲ್‌ನಲ್ಲಿ ರಷ್ಯಾ 5–1ರಿಂದ ಸ್ಪೇನ್ ತಂಡವನ್ನು ಮಣಿಸಿತು. ರಷ್ಯಾದ ದಿಮಿತ್ರಿ ಶಿಶಿನ್ 11 ಗೋಲುಗಳೊಂದಿಗೆ ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರ ಎನಿಸಿದರು.

ಮರಳು ಎಲ್ಲರನ್ನೂ ಸಮಗೊಳಿಸುವುದೇ?

ಒಂದೇ ದ್ವೀಪ, ಒಂದೇ ವರ್ಷ, ಎರಡು ತದ್ವಿರುದ್ಧ ಫಲಿತಾಂಶಗಳು. ಇದಕ್ಕೆ ಕಾರಣವೇನು?

ಮೊದಲನೆಯದು ತಂಡದ ಗಾತ್ರ. ಹುಲ್ಲಿನ ಮೈದಾನದ ಟೂರ್ನಿಗೆ 23 ಆಟಗಾರರು ಬೇಕು; ಬೀಚ್ ಸಾಕರ್‌ಗೆ 12 ಮಂದಿ ಸಾಕು. ಮೂರು ಲಕ್ಷಕ್ಕಿಂತ ಕಡಿಮೆ ಜನರಿರುವ ನಾಡಿಗೆ ಈ ವ್ಯತ್ಯಾಸ ದೊಡ್ಡದು. ಎರಡನೆಯದು, ಸಂಪತ್ತಿನ ಅಂತರ. ಹುಲ್ಲಿನಲ್ಲಿ ಯೂರೋಪ್‌ನ ಶ್ರೀಮಂತ ಕ್ಲಬ್‌ಗಳಲ್ಲಿ ಪಳಗಿದ ವೃತ್ತಿಪರರ ಎದುರು ಹವ್ಯಾಸಿ ಆಟಗಾರರೇ ತುಂಬಿದ್ದ ತಂಡ ಆಡಬೇಕಾಯಿತು. ಮರಳಿನಲ್ಲಿ ಅಂತಹ ತಾರೆಯರು ಆಡುವುದಿಲ್ಲ. ಮೂರನೆಯದು ತವರಿನ ಪ್ರೇಕ್ಷಕರ ಬೆಂಬಲ.

ಆದರೆ ಕಡಲತೀರವಿದ್ದ ಮಾತ್ರಕ್ಕೆ ಗೆಲುವು ಒಲಿಯದು. ರಷ್ಯಾವೇ ಇದಕ್ಕೆ ಸಾಕ್ಷಿ. ವರ್ಷದ ಬಹುಭಾಗ ಚಳಿಯಿಂದ ಕೂಡಿದ ಮಾಸ್ಕೊ ಸಮುದ್ರದಿಂದ ಬಹು ದೂರದಲ್ಲಿದೆ. ಹಾಗಿದ್ದರೂ ಅಲ್ಲಿನ ಲೋಕೋಮೋಟಿವ್ ಕ್ಲಬ್ 2012ರಲ್ಲಿ ಕ್ಲಬ್‌ಗಳ ವಿಶ್ವ ಟೂರ್ನಿಯನ್ನು ಗೆದ್ದಿತ್ತು. ವ್ಯವಸ್ಥಿತ ಲೀಗ್ ಮತ್ತು ವರ್ಷಗಳ ಕಾಲ ಒಟ್ಟಿಗೆ ಆಡಿದ ಆಟಗಾರರ ಬಳಗ ಇಲ್ಯಾ ಲಿಯೊನೊವ್ ನಾಯಕತ್ವದ ರಷ್ಯಾ ತಂಡದ ಬೆನ್ನೆಲುಬಾಗಿದ್ದವು. ಮರಳು ದೊಡ್ಡವರು ಮತ್ತು ಚಿಕ್ಕವರ ನಡುವಿನ ಅಂತರವನ್ನು ತಗ್ಗಿಸುತ್ತದೆ. ಆ ಅಂತರವನ್ನು ದಾಟಲು ಸಿದ್ಧತೆಯೇ ಬೇಕು.

ತಹಿತಿಯ ಸಾಧನೆ ತವರಿನ ಅನುಕೂಲದಿಂದ ಮಾತ್ರ ಬಂದದ್ದಲ್ಲ ಎಂಬುದನ್ನು ಮುಂದಿನ ವರ್ಷಗಳು ತೋರಿಸಿಕೊಟ್ಟವು. 2015ರಲ್ಲಿ ಪೋರ್ಚುಗಲ್‌ನ ಎಸ್ಪಿನ್ಹೊದಲ್ಲಿ ನಡೆದ ವಿಶ್ವಕಪ್‌ನಲ್ಲಿ ತಹಿತಿ ಫೈನಲ್ ತಲುಪಿ ಆತಿಥೇಯರಿಗೆ 3–5ರಿಂದ ಮಣಿಯಿತು. 2017ರಲ್ಲಿ ಬಹಾಮಾಸ್‌ನ ನಸ್ಸಾವುನಲ್ಲಿ ಮತ್ತೆ ಫೈನಲ್‌ಗೇರಿ ಬ್ರೆಜಿಲ್‌ಗೆ 0–6ರಿಂದ ಸೋತಿತು.

ಭಾರತದ ಹೆಜ್ಜೆಗಳು

ಭಾರತ ಈ ಕ್ರೀಡೆಯಲ್ಲಿ ಇನ್ನೂ ಆರಂಭದ ಹಂತದಲ್ಲಿದೆ. 2007ರಲ್ಲಿ ಏಷ್ಯಾ ಮಟ್ಟದ ಟೂರ್ನಿಯಲ್ಲಿ ಆಡಿದ ಬಳಿಕ ದೀರ್ಘ ವಿರಾಮ ಬಿದ್ದಿತು. 2023ರಲ್ಲಿ ಗುಜರಾತ್‌ನ ಸೂರತ್‌ನಲ್ಲಿ ಮೊದಲ ರಾಷ್ಟ್ರೀಯ ಬೀಚ್ ಸಾಕರ್ ಚಾಂಪಿಯನ್‌ಷಿಪ್ ನಡೆದು ಕೇರಳ ಪ್ರಶಸ್ತಿ ಗೆದ್ದಿತು. 2025ರಲ್ಲಿ ಥಾಯ್ಲೆಂಡ್‌ನ ಪಟ್ಟಾಯದಲ್ಲಿ ನಡೆದ ಏಷ್ಯನ್ ಕಪ್‌ಗೆ ಭಾರತ ತಂಡ ಮರಳಿತು. ಉದ್ದನೆಯ ಕಡಲತೀರವುಳ್ಳ ದೇಶಕ್ಕೆ ತಹಿತಿ ಮತ್ತು ರಷ್ಯಾ ಎರಡೂ ಹೇಳುವ ಪಾಠ ಒಂದೇ: ತೀರ ನಿಸರ್ಗ ಕೊಟ್ಟದ್ದು, ತಂಡವನ್ನು ನಾವೇ ಕಟ್ಟಬೇಕು.

2013ರ ಋತು: ವಿಜೇತರು

ವಿಶ್ವಕಪ್ (ಪಪೀಟೆ): ರಷ್ಯಾ
ಯೂರೋ ಬೀಚ್ ಸಾಕರ್ ಲೀಗ್: ರಷ್ಯಾ
ಏಷ್ಯಾ (ದೋಹಾ): ಇರಾನ್
ಆಫ್ರಿಕಾ (ಮೊರೊಕ್ಕೊ): ಸೆನೆಗಲ್
ದಕ್ಷಿಣ ಅಮೆರಿಕ: ಅರ್ಜೆಂಟೀನಾ
ಉತ್ತರ ಮತ್ತು ಮಧ್ಯ ಅಮೆರಿಕ (ಬಹಾಮಾಸ್): ಅಮೆರಿಕ
ಓಷಿಯಾನಿಯಾ: ಸಾಲೊಮನ್ ದ್ವೀಪಗಳು
ಇಂಟರ್‌ಕಾಂಟಿನೆಂಟಲ್ ಕಪ್ (ದುಬೈ): ಇರಾನ್