ಫೋಲ್ಡರ್ ಒಡೆತನ ಮತ್ತು ಗುಂಪು ಅನುಮತಿ (ಲಿನಕ್ಸ್)

ಲಿನಕ್ಸ್ ಸರ್ವರ್‌ನಲ್ಲಿ ಯಾವ ಫೋಲ್ಡರನ್ನು ಯಾರು ನೋಡಬಹುದು, ತಿದ್ದಬಹುದು ಎಂಬುದನ್ನು ನಿರ್ಧರಿಸುವ ವ್ಯವಸ್ಥೆ. ಪ್ರತಿ ಫೋಲ್ಡರಿಗೂ ಒಬ್ಬ ಒಡೆಯ, ಒಂದು ಗುಂಪು, ಉಳಿದವರು ‘ಇತರರು’. ಓದಲು 4, ಬರೆಯಲು 2, ಒಳಹೋಗಲು 1. ಇವುಗಳ ಮೊತ್ತವೇ ಅನುಮತಿ. 750 ಎಂದರೆ ಒಡೆಯನಿಗೆ ಪೂರ್ಣ ಹಕ್ಕು, ಗುಂಪಿಗೆ ಓದುವ, ಒಳಹೋಗುವ ಹಕ್ಕು, ಇತರರಿಗೆ ಪ್ರವೇಶವಿಲ್ಲ. ಅಪಾಚೆಯಂಥ ವೆಬ್ ಸರ್ವರ್ ಪ್ರತ್ಯೇಕ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ. ಆ ಬಳಕೆದಾರನನ್ನೂ ಸಿಬ್ಬಂದಿಯನ್ನೂ ಒಂದೇ ಗುಂಪಿಗೆ ಸೇರಿಸಿ ಫೋಲ್ಡರಿಗೆ 2770 ಕೊಟ್ಟರೆ, ಮೊದಲ ಅಂಕಿ 2ರಿಂದಾಗಿ ಅದರಲ್ಲಿ ಹುಟ್ಟುವ ಹೊಸ ಕಡತಗಳೂ ಅದೇ ಗುಂಪಿಗೆ ಸೇರುತ್ತವೆ. 777 ಕೊಡುವುದು ಅಪಾಯಕರ: ಸರ್ವರಿನ ಯಾವ ಬಳಕೆದಾರನೂ ಅಲ್ಲಿನ ಕಡತ ಅಳಿಸಬಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ, ‘ಯುನಿಕ್ಸ್ ಪ್ರೋಗ್ರಾಮಿಂಗ್’ ವಿಷಯದಡಿ ಕಡತ ಅನುಮತಿಯ ಪಾಠವಿತ್ತು.