ಘಾಟಿ ಹತ್ತಿ ಬಂದ ಮೆಣಸಿನಕಾಯಿ

ಬೆಳಗಾವಿಯಿಂದ ಪಣಜಿಗೆ ಹೋಗುವ ದಾರಿಯಲ್ಲಿ ಖಾನಾಪುರ, ರಾಮನಗರಗಳನ್ನು ದಾಟಿದರೆ ಅನಮೋಡ ಸಿಗುತ್ತದೆ. ಜೋಯಿಡಾ ತಾಲೂಕಿನ ಈ ಪುಟ್ಟ ಊರಿನಲ್ಲಿ ಕರ್ನಾಟಕ ಮುಗಿಯುತ್ತದೆ. ಘಾಟಿ ಇಳಿದರೆ ಗೋವಾದ ಮೊಲೆಂ. ಗೋವಾ ಕಡೆಯಿಂದ ಬರುವ ಗಾಡಿಗಳಲ್ಲಿ ಬಾಟಲಿ ಇದೆಯೇ ಎಂದು ಅಬಕಾರಿಯವರು ಇಲ್ಲಿ ತಪಾಸಣೆ ಮಾಡುತ್ತಾರೆ. ಆದರೆ ನಾಲಗೆಯ ಮೇಲೆ ಕೂತು ಗಡಿ ದಾಟುವುದನ್ನು ಯಾವ ಚೆಕ್‌ಪೋಸ್ಟೂ ಹಿಡಿಯಲಾರದು.

ಕಳೆದ ಮಳೆಗಾಲದಲ್ಲಿ ಅಲ್ಲಿನ ಚಹಾದಂಗಡಿಯೊಂದಕ್ಕೆ ಹೋಗಿದ್ದೆ. ಇದ್ದದ್ದು ಒಂದೇ ಮೇಜು. ಎದುರಿಗೆ ಇಬ್ಬರು ಲಾರಿ ಚಾಲಕರು ಭಾಜಿ-ಪಾವ್ ತಿನ್ನುತ್ತಾ ನಡುನಡುವೆ ಕರಿದ ಹಸಿಮೆಣಸಿನಕಾಯಿ ಕಚ್ಚುತ್ತಿದ್ದರು. ಇಡ್ಲಿ ಹೇಳಬೇಕೆಂದು ಕೂತಿದ್ದ ನಾನು ಪಾವ್ ಹೇಳಿದೆ, ಮೆಣಸಿನಕಾಯಿಯನ್ನೂ ಕಚ್ಚಿದೆ. ಮನೆಯಲ್ಲಾದರೆ ಬೆಳಿಗ್ಗೆ ಎಂಟಕ್ಕೆ ಅಷ್ಟು ಖಾರ ತಿನ್ನುವವನಲ್ಲ.

ಇದು ನನ್ನೊಬ್ಬನ ಚಪಲವೇನಲ್ಲ. ಜಾನ್ ಡಿ ಕ್ಯಾಸ್ಟ್ರೊ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಜನರಿಂದ ಊಟದ ದಿನಚರಿ ಬರೆಸಿ ನೋಡಿದ್ದರು. ಒಬ್ಬರೇ ಕೂತಾಗಿಗಿಂತ ಜೊತೆಯವರಿದ್ದಾಗ ಜನ ಹೆಚ್ಚು ತಿನ್ನುತ್ತಾರೆ, ಜೊತೆಯವರ ಸಂಖ್ಯೆ ಏರಿದಂತೆ ಊಟವೂ ಹಿಗ್ಗುತ್ತದೆ ಎಂಬುದು ಅವರ ಕಾಣ್ಕೆ. ಎಷ್ಟು ತಿನ್ನುತ್ತೇವೆ ಎನ್ನುವುದು ಮನಶ್ಶಾಸ್ತ್ರದ ವಿಷಯವಾದರೆ, ಏನು ತಿನ್ನುತ್ತೇವೆ ಎನ್ನುವುದಕ್ಕೆ ಚರಿತ್ರೆಯನ್ನೇ ಕೇಳಬೇಕು.

ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಕನ್ನಡದ ಹಳೆಯ ಪಾಕಗ್ರಂಥಗಳಲ್ಲಿ ಒಂದು. ಅದರ ಕಾಲ 1508ರ ಸುಮಾರು. ಬದನೆ, ಹಲಸು, ಬಾಳೆಯ ಅಡುಗೆಗಳು ಅದರಲ್ಲಿವೆ. ಹಸಿಮೆಣಸಿನಕಾಯಿ ಇಲ್ಲ, ಬಟಾಟೆ ಇಲ್ಲ, ಟೊಮೆಟೊ ಇಲ್ಲ. ಇರುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಎರಡು ವರ್ಷಗಳ ನಂತರ, 1510ರಲ್ಲಿ, ಅಫೊನ್ಸೊ ಡಿ ಅಲ್ಬುಕರ್ಕ್ ಗೋವಾವನ್ನು ಗೆದ್ದುಕೊಂಡ. ಪೋರ್ಚುಗೀಸರು ಬಂದದ್ದು ಕಾಳುಮೆಣಸಿನ ಆಸೆಗೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದೇ ಕರೆದರು. ಒಯ್ದದ್ದು ನಮ್ಮ ಮೆಣಸನ್ನು, ಬಿಟ್ಟುಹೋದದ್ದು ಇನ್ನೊಂದು ಮೆಣಸನ್ನು. ನಮ್ಮವರು ಬಂದ ಅತಿಥಿಗೆ ಹೊಸ ಹೆಸರು ಹುಡುಕುವ ಗೋಜಿಗೂ ಹೋಗಲಿಲ್ಲ. ಇದ್ದ ಮೆಣಸಿಗೆ ‘ಕಾಯಿ’ ಸೇರಿಸಿದರು, ಹಳೆಯದನ್ನು ‘ಕಾಳುಮೆಣಸು’ ಮಾಡಿದರು. ಪಾವ್, ಬಟಾಟೆ, ಅನಾನಸು, ಪೇರಲ ಎಂಬ ಮಾತುಗಳು ಮಾತ್ರ ಅದೇ ಹಡಗಿನವರ ನೆನಪನ್ನು ಈಗಲೂ ಹೊತ್ತುಕೊಂಡಿವೆ.

ಎಲ್ಲ ಬದಲಾವಣೆಯೂ ಹೀಗೆ ಸದ್ದಿಲ್ಲದೆ ಆಗಲಿಲ್ಲ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆ ಶುರುವಾಯಿತು. 1736ರ ಅದರ ಆಜ್ಞೆಯೊಂದು ಮತಾಂತರಗೊಂಡವರ ಹಳೆಯ ಪದ್ಧತಿಗಳನ್ನು ಒಂದೊಂದಾಗಿ ನಿಷೇಧಿಸಿತು. ಆ ಪಟ್ಟಿಯಲ್ಲಿ ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸುವುದೂ ಇತ್ತು. ಅನ್ನದ ಮಡಕೆಗೆ ಬೀಳುವ ಒಂದು ಚಿಟಿಕೆ ಉಪ್ಪಿನ ಮೇಲೂ ಅಧಿಕಾರಕ್ಕೆ ಕಣ್ಣಿತ್ತು. ಒಬ್ಬ ಮನುಷ್ಯ ಯಾರ ಜೊತೆ ಉಣ್ಣುವವನು ಎಂಬುದನ್ನು ಅವನ ಅಡುಗೆಯೇ ಹೇಳುತ್ತದೆ ಎಂದು ಆಳುವವರಿಗೆ ಗೊತ್ತಿತ್ತು.

ನಮ್ಮದು ಯಲ್ಲಾಪುರ ಕಡೆಯ ಹವ್ಯಕರ ಮನೆ. ಅಜ್ಜಿಯ ಅಪ್ಪೆಹುಳಿಗೆ ಜೀರಿಗೆ ಮೆಣಸು ಇಲ್ಲದೆ ಆಗುತ್ತಿರಲಿಲ್ಲ. ಆ ಪುಟ್ಟ ಖಾರದ ಕಾಯಿ ನಮ್ಮ ಪೂರ್ವಿಕರ ಕಾಲದಿಂದ ಬಂದದ್ದು ಎಂದೇ ನಾವೆಲ್ಲ ನಂಬಿದ್ದೆವು. ಆದರೆ ವರ್ಷಕ್ಕೊಂದು ದಿನ, ಅಜ್ಜನ ತಿಥಿಯಂದು, ಅದಕ್ಕೆ ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ಬಟಾಟೆ, ಟೊಮೆಟೊಗಳೂ ಇಲ್ಲ. ಸಾರಿಗೂ ಪಲ್ಯಕ್ಕೂ ಕಾಳುಮೆಣಸೇ. ಏಕೆಂದು ಕೇಳಿದರೆ ಆಯಿ, “ಪಿತೃಗಳಿಗೆ ಆಗೂದಿಲ್ಲೆ” ಎನ್ನುತ್ತಿದ್ದಳು. ಅದು ಬರೀ ಮಡಿಯ ಮಾತು ಎಂದುಕೊಂಡಿದ್ದೆ. ಇತಿಹಾಸ ಓದಿದ ಮೇಲೆ ಅದರಲ್ಲಿನ ನ್ಯಾಯ ಹೊಳೆಯಿತು. ಆ ದಿನ ನಮ್ಮ ಜೊತೆ ಉಣ್ಣಲು ಬರುವವರು ಸತ್ತವರು. ಅವರ ಸಾಲು ಹಿಂದೆ ಹಿಂದೆ ಹೋದರೆ ಮಂಗರಸನ ಕಾಲವನ್ನೂ ದಾಟುತ್ತದೆ. ಅವರಿಗೆ ಗೊತ್ತಿದ್ದ ಖಾರ ಒಂದೇ. ಪಂಕ್ತಿಯಲ್ಲಿ ಕೂತವರಿಗೆ ತಕ್ಕಂತೆ ಅಡುಗೆ ಎಂಬ ನಿಯಮ ಅಲ್ಲೂ ನಡೆಯುತ್ತಿತ್ತು.

ಹಾಗಾದರೆ ಪಂಕ್ತಿಯ ಹೊರಗೆ ಕೂತವರು ಯಾರು?

ನಮ್ಮ ತೋಟದ ಕೆಲಸಕ್ಕೆ ಸಿದ್ದಿ ಸಮುದಾಯದ ಒಂದು ಕುಟುಂಬ ಬರುತ್ತಿತ್ತು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾದ ಕಾಡಂಚಿನಲ್ಲಿರುವ ಸಿದ್ದಿಗಳ ಹಿರಿಯರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಸಹ್ಯಾದ್ರಿಯನ್ನು ಹತ್ತಿ ಈ ಕಾಡುಗಳಲ್ಲಿ ನೆಲೆನಿಂತರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಆ ಮನೆಯವರು ನಮ್ಮ ಅಂಗಳದಲ್ಲಿ, ಬಾಳೆಎಲೆಯ ಮೇಲೆ, ಮಳೆ ಬಂದರೆ ಕೊಟ್ಟಿಗೆಯ ಮಾಡಿನ ಕೆಳಗೆ ಉಣ್ಣುತ್ತಿದ್ದರು. ಅವರ ಹಿತ್ತಲಿನ ಜೀರಿಗೆ ಮೆಣಸು ಮಾತ್ರ ನೇರ ನಮ್ಮ ಅಡುಗೆಮನೆಗೆ ಹೋಗುತ್ತಿತ್ತು. ಅವರ ಮಗ ನನ್ನ ಓರಗೆಯವನು. ಒಮ್ಮೆ ಅವನ ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂತೆ. ಅಜ್ಜಿ ಬಂದು ರಟ್ಟೆ ಹಿಡಿದು ಒಳಗೆ ಕರೆದೊಯ್ದಳು. ಬೈಯಲಿಲ್ಲ. ಅವನು ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದ. ಆಗ ನನಗೆ ಎಂಟು ವರ್ಷ.

ಆ ದೃಶ್ಯಕ್ಕೆ ಹೆಸರು ಸಿಕ್ಕಿದ್ದು ಬಹಳ ವರ್ಷಗಳ ನಂತರ. ಒಂದೇ ಸಾಮ್ರಾಜ್ಯದ ಹಡಗುಗಳು ಮೆಣಸಿನಕಾಯಿಯನ್ನೂ ತಂದವು, ಈ ಮನುಷ್ಯರನ್ನೂ ತಂದವು. ಎರಡೂ ಕರಾವಳಿಯಿಂದ ಘಾಟಿ ಹತ್ತಿ ಬಂದವು. ಕಾಯಿಯ ಊರು ಯಾವುದು, ಯಾರು ಮುಟ್ಟಿದ್ದು ಎಂದು ನಾವು ಕೇಳಲಿಲ್ಲ. ಅದು ಉಪ್ಪಿನಕಾಯಿ ಭರಣಿಯೊಳಗೆ ಹೋಗಿ ‘ನಮ್ಮ ಸಂಪ್ರದಾಯ’ವಾಯಿತು. ಬೆಳೆದುಕೊಟ್ಟವನು ಅಂಗಳದಲ್ಲೇ ಉಳಿದ. ಜೊತೆಗೆ ಉಣ್ಣುವವರಿಂದ ನಮ್ಮ ರುಚಿ ರೂಪುಗೊಳ್ಳುತ್ತದೆ ಎನ್ನುತ್ತೇವೆ. ನಮ್ಮ ಮನೆಯ ರುಚಿಯನ್ನು ಜೊತೆಗೆ ಕೂರಿಸದವರೂ ರೂಪಿಸಿದ್ದರು, ನಾವದನ್ನು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ.

ಅನಮೋಡದಿಂದ ಮರಳುವಾಗ ಆ ಗೆಳೆಯನ ಮನೆಗೆ ಹೋದೆ. ಮಧ್ಯಾಹ್ನವಾಗಿತ್ತು. ಅವನ ಹೆಂಡತಿ ಕುಚ್ಚಲಕ್ಕಿ ಅನ್ನ, ಏಡಿ ಸಾರು ಮಾಡಿದ್ದಳು. ನಾನು ಏಡಿ ತಿನ್ನುವವನಲ್ಲ. ಅವಳು ಕೇಳುವ ಮೊದಲೇ ಒಂದು ಬಟ್ಟಲು ಮಜ್ಜಿಗೆ, ಅದರಲ್ಲಿ ಹಿಚುಕಿದ ನಾಲ್ಕು ಜೀರಿಗೆ ಮೆಣಸು ತಂದಿಟ್ಟಳು. “ನಿಮ್ಮ ಅಜ್ಜಿ ಮಾಡ್ತಿದ್ದ ಹಾಗೆ ಆಗ್ಯದಾ ನೋಡು,” ಎಂದ ಗೆಳೆಯ. ಅಂಗಳದಲ್ಲಿ ಕೂತು ಉಂಡ ರುಚಿಯನ್ನು ಅವನು ನಲವತ್ತು ವರ್ಷ ನೆನಪಿಟ್ಟುಕೊಂಡಿದ್ದ, ಮನೆಯಲ್ಲೂ ಮಾಡಿಸುತ್ತಿದ್ದ.

ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಉಂಡೆವು. ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ.