ಗಾಣ ತಿರುಗದ ಶನಿವಾರ

ಮುಂಬೈಯಿಂದ ಬರುವ ಹೆದ್ದಾರಿ ಠಾಣೆಯ ಮಾಜಿವಾಡಾದಲ್ಲಿ ಕವಲೊಡೆಯುತ್ತದೆ. ಒಂದು ದಾರಿ ನಾಸಿಕದತ್ತ, ಇನ್ನೊಂದು ಘೋಡಬಂದರಿನತ್ತ. ಅಲ್ಲಿಂದ ಹಳೆಯ ಪೇಟೆಯ ಕಡೆಗೆ ಕೆಲವೇ ಕಿಲೋಮೀಟರ್ ಹೋದರೆ ನವರಾತ್ರಿಯ ದೇವಿಗೆ ಹೆಸರಾದ ಟೆಂಭಿ ನಾಕಾ. 1879ರಲ್ಲಿ ಕಟ್ಟಿದ ಯೆಹೂದಿ ಪ್ರಾರ್ಥನಾಲಯ 'ಶಾರ್ ಹಶ್ಶಾಮಾಯಿಮ್' ಇರುವುದೂ ಅಲ್ಲೇ. ಹೆಸರಿನ ಅರ್ಥ ಸ್ವರ್ಗದ ಬಾಗಿಲು. ಒಳಗೆ ಮೂರ್ತಿಯಿಲ್ಲ. ಇಲ್ಲಿಗೆ ಬರುವವರು ಮನೆಯಲ್ಲಿ ಮರಾಠಿ ಆಡುವ ಬೆನೆ ಇಸ್ರೇಲಿಗಳು.

ಅವರ ನಂಬಿಕೆಯಂತೆ, ಎರಡು ಸಾವಿರ ವರ್ಷಕ್ಕೂ ಹಿಂದೆ ಅಲಿಬಾಗ್ ಬಳಿಯ ನವಗಾಂವ್ ಕಡಲಲ್ಲಿ ಹಡಗೊಂದು ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು. ಗ್ರಂಥಗಳೆಲ್ಲ ನೀರುಪಾಲಾದವು. ನೆನಪಿನಲ್ಲಿ ಉಳಿದದ್ದು 'ಶೆಮಾ' ಎಂದು ಶುರುವಾಗುವ ಒಂದೇ ಪ್ರಾರ್ಥನೆ. ಶೆಮಾ ಎಂದರೆ 'ಕೇಳು'. ಅದನ್ನು ಹೇಳುವಾಗ ಯೆಹೂದಿಗಳು ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆ. ಕೊಂಕಣದ ಹಳ್ಳಿಗಳಲ್ಲಿ ಇವರು ಎಣ್ಣೆ ತೆಗೆಯುವ ಕಸುಬು ಹಿಡಿದರು. ನೆರೆಯವರು ಇವರನ್ನು ಗುರುತಿಸಿದ್ದು ಪ್ರಾರ್ಥನೆಯಿಂದಲ್ಲ, ಶನಿವಾರ ಗಾಣದ ಸದ್ದು ಕೇಳಿಸದೆ ಇದ್ದದ್ದರಿಂದ. 'ಶನಿವಾರ ತೇಲಿ' ಎಂಬ ಹೆಸರು ಬಿದ್ದದ್ದು ಹಾಗೆ.

ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿಗೆ ಈಜಿಪ್ಟಿನಲ್ಲಿದ್ದ ಮೈಮೊನಿಡಿಸ್ ಒಂದು ಕಾಗದದಲ್ಲಿ, ಭಾರತದ ಯೆಹೂದಿಗಳಿಗೆ ಸಬ್ಬತ್ತು ಮತ್ತು ಸುನ್ನತಿ ಬಿಟ್ಟರೆ ಧರ್ಮಶಾಸ್ತ್ರ ಗೊತ್ತಿಲ್ಲ ಎಂಬರ್ಥದ ಮಾತು ಬರೆದ. ಭಾರತಕ್ಕೆ ವ್ಯಾಪಾರಕ್ಕೆಂದು ಹೊರಟ ಅವನ ತಮ್ಮ ಡೇವಿಡ್ ಇದೇ ಕಡಲಲ್ಲಿ ಮುಳುಗಿ ಸತ್ತಿದ್ದ. 'ಕವ್ವಾನಾ' ಇಲ್ಲದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ ಎಂದವನೂ ಇದೇ ಮೈಮೊನಿಡಿಸ್. ಆ ಹೀಬ್ರೂ ಪದದ ಧಾತುವಿಗೆ ನೆಟ್ಟಗೆ ಮಾಡು, ಗುರಿಯತ್ತ ತಿರುಗಿಸು ಎಂಬರ್ಥವಿದೆ. ಕನ್ನಡದ 'ಅವಧಾನ' ಅದಕ್ಕೆ ಹತ್ತಿರ. ಆದರೆ ಭಾರತದ ಲೆಕ್ಕ ಹಾಕುವಾಗ ಅವನು ಎಣಿಸಿದ್ದು ಶಾಸ್ತ್ರಗಳನ್ನು, ಅವಧಾನವನ್ನಲ್ಲ.

ಅವಧಾನ ಎಲ್ಲಿತ್ತು ಎಂದು ನೋಡಬೇಕಾದರೆ ಬೆನೆ ಇಸ್ರೇಲಿಗಳ ಮಲಿದಾ ತಟ್ಟೆಯ ಮುಂದೆ ಕೂರಬೇಕು. ಹೆಸರು ಪಾರ್ಸಿಯದು, ನಮ್ಮ ದರ್ಗಾಗಳಲ್ಲೂ ಕೇಳಿಬರುವಂಥದ್ದು. ಇವರಲ್ಲಿ ಅದು ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣುಗಳು, ಪರಿಮಳದ ಹೂವು ಅಥವಾ ಎಲೆ. ಹರಕೆ ತೀರಿದಾಗ, ಮದುವೆಗೆ ಮುಂಚೆ, ಹೊಸ ಮನೆಗೆ ಹೋದಾಗ ಪ್ರವಾದಿ ಎಲೀಯನ ಹೆಸರಿನಲ್ಲಿ ಇದನ್ನು ಮಾಡುತ್ತಾರೆ. ಸ್ತುತಿ ಮುಗಿದೊಡನೆ ಕೈ ಹಾಕುವ ಹಾಗಿಲ್ಲ. ಮರದ ಹಣ್ಣಿಗೆ ಒಂದು ಆಶೀರ್ವಚನ, ನೆಲದ ಫಲಕ್ಕೆ ಇನ್ನೊಂದು, ಪರಿಮಳಕ್ಕೆ ಮತ್ತೊಂದು. ಖರ್ಜೂರ ಮರದ ಹಣ್ಣು. ಬಾಳೆಹಣ್ಣು? ಯೆಹೂದಿ ಶಾಸ್ತ್ರದಲ್ಲಿ ಅದು ನೆಲದ ಫಲ, ಏಕೆಂದರೆ ಗೊನೆ ಕೊಟ್ಟ ದಿಂಡು ಮತ್ತೆ ಕಾಯಿ ಬಿಡುವುದಿಲ್ಲ. ತೋಟ ಇರುವ ಮನೆಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೂ ಬಾಯಿಗಿಡುವ ಮೊದಲು ಈ ಹಣ್ಣು ಎಲ್ಲಿ, ಹೇಗೆ ಬೆಳೆಯಿತು ಎಂದು ಒಂದು ಕ್ಷಣ ಕಣ್ಮುಂದೆ ತಂದುಕೊಳ್ಳಲೇಬೇಕು. ಇಲ್ಲದಿದ್ದರೆ ಯಾವ ಮಾತು ಹೇಳಬೇಕೆಂದೇ ತಿಳಿಯದು. ಪರಿಮಳದ ವಿಷಯದಲ್ಲಿ ತಾಲ್ಮುದ್ ಇನ್ನೂ ನವಿರು: ಅದು ದೇಹಕ್ಕಲ್ಲ, ಆತ್ಮಕ್ಕೆ ಸಲ್ಲುವ ಸುಖ ಎನ್ನುತ್ತದೆ.

ಎಲೀಯನೇ ಯಾಕೆ? ಬೈಬಲಿನಲ್ಲಿ ಅವನು ಸಾಯುವುದಿಲ್ಲ, ಬೆಂಕಿಯ ರಥ ಬಂದು ಅವನನ್ನು ಎಲೀಷನಿಂದ ಬೇರೆ ಮಾಡುತ್ತದೆ. ಗುರುವಿನ ಆತ್ಮದ ಎರಡು ಪಾಲು ಬೇಡಿದ ಎಲೀಷನಿಗೆ ಒಂದೇ ಷರತ್ತು: ನಾನು ಹೋಗುವುದು ನಿನ್ನ ಕಣ್ಣಿಗೆ ಬಿದ್ದರೆ ಸಿಕ್ಕೀತು. ಅಲಿಬಾಗ್ ಬಳಿಯ ಖಂಡಾಳೆಯ ಬಂಡೆಯ ಮೇಲಿರುವ ಗುರುತುಗಳು ಆ ರಥದವೇ ಎಂದು ಬೆನೆ ಇಸ್ರೇಲಿಗಳು ನಂಬುತ್ತಾರೆ. ಬೇರೆಯವರಿಗೆ ಅದು ಸವೆದ ಕಲ್ಲು. ಪುಸ್ತಕ ಕಳೆದುಕೊಂಡವರಿಗೆ ಕಲ್ಪನೆ ಆಭರಣವಾಗಿರಲಿಲ್ಲ, ಕಲ್ಲನ್ನೇ ಓದಲು ಉಳಿದಿದ್ದ ಉಪಾಯವಾಗಿತ್ತು.

ಹೊರಗಿನವರು ಇದನ್ನು ಹೇಗೆ ಕಂಡರು ಎಂಬುದು ಬೇರೆ ಕತೆ. ಟಿಪ್ಪುವಿನ ಸೆರೆ ಸಿಕ್ಕ ಸಾಮಾಜಿ ದಿವೇಕರ್, ಶ್ರೀರಂಗಪಟ್ಟಣದಲ್ಲಿ 'ಬೆನೆ ಇಸ್ರೇಲ್' ಎಂದದ್ದೇ ಟಿಪ್ಪುವಿನ ತಾಯಿಗೆ ಸಾಕಾಗಿ ಜೀವ ಉಳಿಯಿತು ಎಂಬ ಐತಿಹ್ಯವಿದೆ. 1796ರಲ್ಲಿ ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದ್ದು ಅವನೇ. 1960ರ ದಶಕದ ಆರಂಭದಲ್ಲಿ ಇಸ್ರೇಲಿನ ರಬ್ಬಿಗಳಿಗೆ ಮಾತ್ರ ಹೆಸರು ಸಾಕಾಗಲಿಲ್ಲ. ವಲಸೆ ಹೋದ ಬೆನೆ ಇಸ್ರೇಲಿಗಳು ಇತರ ಯೆಹೂದಿಗಳನ್ನು ಮದುವೆಯಾಗಬೇಕಾದರೆ ವಂಶ ಪರೀಕ್ಷೆಯಾಗಬೇಕೆಂದರು. ಧರಣಿಗಳು ನಡೆದವು. 1964ರಲ್ಲಿ ಇಸ್ರೇಲ್ ಸರಕಾರ ಇವರನ್ನು ಎಲ್ಲ ವಿಧದಲ್ಲೂ ಯೆಹೂದಿಗಳೆಂದು ಒಪ್ಪಿತು.

1940ರ ದಶಕದ ಕೊನೆಗೆ ಸುಮಾರು 20,000 ಇದ್ದವರು ಭಾರತದಲ್ಲಿ ಈಗ 5,000ಕ್ಕಿಂತ ಕಡಿಮೆ. ಅವರಲ್ಲಿ ಬಹಳಷ್ಟು ಮಂದಿ ಠಾಣೆ, ಮುಂಬೈ ಸುತ್ತಲಿನವರು. ಹೋದವರು ರಾಮ್ಲಾ, ಲೋದ್, ದಿಮೋನಾದ ಮನೆಗಳಲ್ಲಿ ಇಂದಿಗೂ ಅವಲಕ್ಕಿ ನೆನೆಸುತ್ತಾರೆ, ಬಾಳೆಹಣ್ಣನ್ನು ನೆಲದ ಪಾಲಿಗೆ ಇಡುತ್ತಾರೆ.